ಬೆಂಗಾವಲಿನ ಹಡಗಿನಿಂದ ಓಡಿಹೋದವನು: ಜಾನ್ ನ್ಯೂಟನನ ಚರಿತ್ರೆ



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಂಬ ಊರುಗಳ ಸುತ್ತಣ ಹಳ್ಳಿಗಳಲ್ಲಿ ವಾಸಿಸುವ ನಮ್ಮವರಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ಹೆಚ್ಚು ಮಂದಿ ಇಲ್ಲ. ಮಳೆಗಾಲದಲ್ಲಿ ಮಲಪ್ರಭೆಯು ಕೆಂಪಾಗಿ ತುಂಬಿ ಹರಿಯುವಾಗ ಹರಿಗೋಲಿನಲ್ಲಿ ಕೂತು ದಾಟಿದ ಹಿರಿಯರಿಗೆ ಮಾತ್ರ, ಕಾಲ ಕೆಳಗೆ ನೆಲವಿಲ್ಲದವನ ಭಯವು ಎಂಥದೆಂಬದು ಗೊತ್ತುಂಟು. ಹಾಗಿದ್ದರೂ ಈ ತಿಂಗಳು ನಾವು ಒಬ್ಬ ನಾವಿಕನ ಚರಿತ್ರೆಯನ್ನು ನಿಮ್ಮ ಮುಂದಿಡಲು ಮನಸ್ಸು ಮಾಡಿದ್ದೇವೆ. ಅವನು ನಮ್ಮ ದೇಶಕ್ಕೆ ಬರತಕ್ಕ ಹಡಗಿನಲ್ಲಿದ್ದು ಬಾರದೆ ಹೋದವನು. ಆದರೂ ಅವನ ಪಶ್ಚಾತ್ತಾಪದ ಫಲವು ನಮ್ಮ ಸೀಮೆಯ ತನಕ ಬಂದು ಮುಟ್ಟಿತು.

ಮೊದಲು ಬೆಂಗಾವಲಿನ ಪದ್ಧತಿಯನ್ನು ತಿಳಿಸಬೇಕು. ಕಳ್ಳರ ಭಯವಿರುವ ದಾರಿಯಲ್ಲಿ ಸರಕು ತುಂಬಿದ ಚಕ್ಕಡಿಗಳು ಒಂಟಿಯಾಗಿ ಹೋಗದೆ, ಸಾಲುಗಟ್ಟಿಕೊಂಡು, ಮುಂದೊಬ್ಬ ಹಿಂದೊಬ್ಬ ಕಾವಲುಗಾರನನ್ನು ಇಟ್ಟುಕೊಂಡು ಹೋಗುವದು ಲೋಕರೂಢಿ. ಹದಿನೆಂಟನೆಯ ಶತಮಾನದಲ್ಲಿ ಅಟ್ಲಾಂಟಿಕ್ ಮಹಾಸಾಗರದ ಮೇಲೆ ಇದೇ ರೂಢಿ ನಡೆಯುತ್ತಿತ್ತು. ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್ ದೇಶಗಳು ಪದೇ ಪದೇ ಯುದ್ಧ ಮಾಡುತ್ತಿದ್ದ ಕಾಲವದು. ಶತ್ರುರಾಜನ ಯುದ್ಧನಾವೆಗಳು ಮಾತ್ರವಲ್ಲ, ಅರಸನಿಂದ ಪರವಾನಗಿ ಪಡೆದ ಖಾಸಗಿ ಹಡಗಿನವರು ಸಹ ಸರಕಿನ ಹಡಗುಗಳನ್ನು ಹಿಡಿದು ಕೊಳ್ಳೆ ಮಾಡುತ್ತಿದ್ದರು. ಆದಕಾರಣ ಇಂಗ್ಲೆಂಡಿನ ಪಾರ್ಲಿಮೆಂಟು ೧೭೦೮ರಲ್ಲಿಯೇ ವ್ಯಾಪಾರದ ರಕ್ಷಣೆಗಾಗಿ ಕೆಲವು ಯುದ್ಧನಾವೆಗಳನ್ನು ಮೀಸಲಿಡತಕ್ಕದ್ದೆಂದು ಕಾಯಿದೆ ಮಾಡಿತ್ತು.

ವ್ಯಾಪಾರದ ಹಡಗುಗಳು ಸ್ಪಿಟ್‌ಹೆಡ್ ಮೊದಲಾದ ತಂಗುದಾಣಗಳಲ್ಲಿ ವಾರಗಟ್ಟಲೆ ಕಾದು ಒಟ್ಟುಗೂಡುತ್ತಿದ್ದವು. ಪ್ರತಿಯೊಂದು ಹಡಗಿನ ಯಜಮಾನನು ದಳಪತಿಯ ಬಳಿಗೆ ಹೋಗಿ ಪ್ರಯಾಣದ ಅಪ್ಪಣೆಗಳನ್ನೂ ಗುರುತುಗಳನ್ನೂ ಬರಹದಲ್ಲಿ ಪಡೆದುಕೊಳ್ಳಬೇಕಾಗಿತ್ತು. ಹಗಲಲ್ಲಿ ಬಾವುಟಗಳಿಂದಲೂ, ರಾತ್ರಿಯಲ್ಲಿ ಕಂದೀಲುಗಳಿಂದಲೂ, ಮಂಜು ಮುಸುಕಿದಾಗ ತೋಪಿನ ಶಬ್ದದಿಂದಲೂ ಸನ್ನೆಗಳು ಕೊಡಲ್ಪಡುತ್ತಿದ್ದವು. ಎಲ್ಲಕ್ಕಿಂತ ನಿಧಾನವಾಗಿ ನಡೆಯುವ ಹಡಗಿನ ವೇಗವೇ ಇಡೀ ಗುಂಪಿನ ವೇಗವಾಗಿತ್ತು. ಅವಸರಪಟ್ಟು ಮುಂದೆ ಓಡಿದವನು ಶತ್ರುವಿನ ಕೈಗೆ ಬೀಳುವನು. ಹಿಂದೆ ಉಳಿದವನಿಗಾಗಿ ಕಾವಲುಹಡಗು ಹಿಂದಿರುಗುವದು. ಬೆಂಗಾವಲಿನಲ್ಲಿ ಹೋಗುವ ಹಡಗುಗಳಿಗೆ ವಿಮೆಯ ಹಣವು ಕಡಿಮೆಯಾಗುತ್ತಿದ್ದದರಿಂದ ವ್ಯಾಪಾರಿಗಳು ತಡವನ್ನು ಸಹಿಸಿಕೊಳ್ಳುತ್ತಿದ್ದರು.

ಇಂಥ ಬೆಂಗಾವಲಿನ ಯುದ್ಧನಾವೆಯೊಂದರಲ್ಲಿ ಕೆಲಸ ಮಾಡಿದವನೇ ಜಾನ್ ನ್ಯೂಟನ್. ಇವನು ೧೭೨೫ನೆಯ ಇಸವಿ ಜುಲೈ ತಿಂಗಳಲ್ಲಿ ಲಂಡನ್ ಪಟ್ಟಣದ ವಾಪಿಂಗ್ ಎಂಬ ನಾವಿಕರ ಕೇರಿಯಲ್ಲಿ ಹುಟ್ಟಿದನು. ತಂದೆಯು ಹಡಗಿನ ಯಜಮಾನನು, ಕಠಿಣ ಸ್ವಭಾವದವನು. ತಾಯಿಯಾದ ಎಲಿಜಬೆತಳು ದೇವಭಕ್ತೆ. ಆಕೆ ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಸತ್ಯವೇದದ ಭಾಗಗಳನ್ನೂ ಪ್ರಶ್ನೋತ್ತರಗಳನ್ನೂ ಕೀರ್ತನೆಗಳನ್ನೂ ಕಲಿಸಿದಳು; ಇವನು ದೇವರ ಸೇವಕನಾಗಬೇಕೆಂಬದು ಆಕೆಯ ಹೃದಯದ ಆಶೆಯಾಗಿತ್ತು. ಆದರೆ ಮಗುವಿಗೆ ಏಳು ವರ್ಷ ತುಂಬುವದಕ್ಕೆ ಮೊದಲೇ, ೧೭೩೨ರಲ್ಲಿ, ಆ ತಾಯಿ ಕ್ಷಯರೋಗದಿಂದ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯು ಅವನನ್ನು ಹಡಗಿಗೆ ಹತ್ತಿಸಿಕೊಂಡನು. ಹುಡುಗನು ಸಮುದ್ರವನ್ನು ಕಲಿತನು. ಸಮುದ್ರದವರ ದುರ್ಭಾಷೆಯನ್ನೂ ಕಲಿತನು. ತಾಯಿ ಕಲಿಸಿದ್ದನ್ನು ಮರೆತನು.

೧೭೪೪ರ ಆರಂಭದಲ್ಲಿ ಫ್ರಾನ್ಸಿನೊಂದಿಗೆ ಯುದ್ಧವು ಬರುವಂತಿತ್ತು. ನೌಕಾಸೈನ್ಯಕ್ಕೆ ಆಳುಗಳು ಸಾಲದೆ ಹೋದಾಗ ದಾರಿಯಲ್ಲಿ ಸಿಕ್ಕಿದ ನಾವಿಕರನ್ನು ಬಲವಂತದಿಂದ ಹಿಡಿದೊಯ್ಯುವ ತಂಡಗಳು ತಿರುಗುತ್ತಿದ್ದವು. ಹದಿನೆಂಟು ವರ್ಷದ ನ್ಯೂಟನನು ಅಂಥ ತಂಡದ ಕೈಗೆ ಸಿಕ್ಕಿ, ೫೦ ತೋಪುಗಳ ಹಾರ್ವಿಚ್ ಎಂಬ ಯುದ್ಧನಾವೆಗೆ ಸೇರಿಸಲ್ಪಟ್ಟನು. ತಂದೆಯ ಶಿಫಾರಸಿನಿಂದ ಮಿಡ್‌ಶಿಪ್‌ಮನ್ ಎಂಬ ಕಿರಿಯ ಅಧಿಕಾರಿಯ ಸ್ಥಾನವು ದೊರೆಯಿತು. ಅಲ್ಲಿ ಒಬ್ಬ ಮಿತ್ರನು ಇವನಿಗೆ ದೇವರೇ ಇಲ್ಲವೆಂಬ ವಾದವನ್ನು ಬೋಧಿಸಿದನು. ತಾಯಿಯ ಪ್ರಾರ್ಥನೆಯ ಕೂಸು ಈಗ ಇತರರ ನಂಬಿಕೆಯನ್ನು ಕೆಡಿಸುವವನಾದನು.

ಹಾರ್ವಿಚ್ ನಾವೆಯು ನಮ್ಮ ಹಿಂದುಸ್ಥಾನದ ಕಡೆಗೆ ಹೊರಡತಕ್ಕದ್ದಾಗಿತ್ತು. ಆ ಪ್ರಯಾಣಕ್ಕೆ ಐದು ವರ್ಷಗಳು ಹಿಡಿಯಬಹುದೆಂದು ಹೇಳುತ್ತಿದ್ದರು. ಆಫ್ರಿಕಕ್ಕೂ ಪೂರ್ವದೇಶಕ್ಕೂ ಹೋಗುವ ಬಹು ದೊಡ್ಡ ಹಡಗುಗುಂಪಿನ ಜೊತೆಯಲ್ಲಿ ಅದು ಸ್ಪಿಟ್‌ಹೆಡ್ಡಿನಿಂದ ಹೊರಟಿತು. ಗಾಳಿ ತಿರುಗಿದ್ದರಿಂದ ಟಾರ್‌ಬೇ ಎಂಬಲ್ಲಿ ನಿಲ್ಲಬೇಕಾಯಿತು. ಅಲ್ಲಿಂದ ಹೊರಡುವಾಗಲೇ ಕೆಲವು ಹಡಗುಗಳು ಒಡೆದುಹೋದವು. ಮರುರಾತ್ರಿ ಕಾರ್ನ್‌ವಾಲ್ ಕರಾವಳಿಯ ಬಳಿಯಲ್ಲಿ ದಕ್ಷಿಣದಿಂದ ಬಿರುಗಾಳಿ ಎದ್ದಿತು. ಕತ್ತಲೆಯಲ್ಲಿ ಒಂದಕ್ಕೊಂದು ಕಾವಲಾಗಿ ನಡೆಯಬೇಕಾದ ಹಡಗುಗಳೇ ಒಂದನ್ನೊಂದು ಹಾದು ಮುಳುಗಿಸುವ ಅಪಾಯವುಂಟಾಯಿತು. ಹಾರ್ವಿಚ್ ಹೇಗೋ ಪಾರಾಯಿತು. ಗುಂಪೆಲ್ಲಾ ಪ್ಲಿಮತ್ ರೇವಿಗೆ ಹಿಂದಿರುಗಿತು.

ನ್ಯೂಟನನ ಮನಸ್ಸಾದರೋ ಬೇರೆ ಕಡೆಯಲ್ಲಿತ್ತು. ಎರಡು ವರ್ಷಗಳ ಹಿಂದೆ ಕಂಡ ಮೇರಿ ಕ್ಯಾಟ್ಲೆಟ್ ಎಂಬ ಹುಡುಗಿಯನ್ನು ಐದು ವರ್ಷ ಕಾಣದೆ ಇರುವದು ಅವನಿಂದಾಗದ ಮಾತಾಯಿತು. ಅಷ್ಟರಲ್ಲಿ ತಂದೆಯು ಟಾರ್‌ಬೇಗೆ ಬಂದಿದ್ದಾನೆಂಬ ವರ್ತಮಾನವು ಸಿಕ್ಕಿತು. ದಡಕ್ಕೆ ಹೋದ ದೋಣಿಯ ಆಳುಗಳು ತಪ್ಪಿಸಿಕೊಂಡು ಹೋಗದಂತೆ ಕಾಯಲು ಅಧಿಕಾರಿಗಳು ಇವನನ್ನೇ ಕಳುಹಿಸಿದರು. ಕಾಯಬೇಕಾದವನೇ ಓಡಿಹೋದನು! ಒಂದು ದಿನವೂ ಮರುದಿನದ ಕೆಲವು ತಾಸುಗಳೂ ನಡೆದು, ತಂದೆಯು ಇನ್ನು ಎರಡು ತಾಸಿನ ದಾರಿಯಲ್ಲಿ ಇರುವಾಗ ಸಿಪಾಯಿಗಳು ಅವನನ್ನು ಹಿಡಿದರು. ಕಳ್ಳನಂತೆ ಪ್ಲಿಮತ್ತಿನ ಬೀದಿಗಳಲ್ಲಿ ನಡಿಸಲ್ಪಟ್ಟು, ಬೇಡಿ ಹಾಕಲ್ಪಟ್ಟು, ಎಲ್ಲರ ಮುಂದೆ ಅಂಗಿ ಕಳಚಿ ಚಾವಟಿಯಿಂದ ಹೊಡೆಯಲ್ಪಟ್ಟು, ಅಧಿಕಾರವನ್ನು ಕಳೆದುಕೊಂಡು ಸಾಮಾನ್ಯ ಆಳಾದನು. ನಿನ್ನೆಯ ತನಕ ಅವನ ಅಪ್ಪಣೆಗೆ ಒಳಗಾಗಿದ್ದವರು ಈಗ ಅವನನ್ನು ಅಣಕಿಸಿದರು. ನಾವೆಯ ಯಜಮಾನನನ್ನು ಕೊಂದು ತಾನೂ ಸಾಯಬೇಕೆಂಬ ಯೋಚನೆಯು ಅವನ ಮನಸ್ಸಿನಲ್ಲಿ ಬಂದಿತ್ತು. ಆ ಹುಡುಗಿಯು ತನ್ನನ್ನು ಕೆಟ್ಟವನೆಂದು ಎಣಿಸಬಾರದೆಂಬ ಒಂದೇ ವಿಚಾರವು ಕೈಯನ್ನು ತಡೆಯಿತು.

ಗುಂಪು ಮದೇರ ದ್ವೀಪವನ್ನು ಮುಟ್ಟಿದಾಗ ಒಂದು ಬೆಳಿಗ್ಗೆ ನ್ಯೂಟನನು ಎಚ್ಚರಗೊಳ್ಳದೆ ಮಲಗಿದ್ದನು. ಒಬ್ಬ ಅಧಿಕಾರಿಯು ತೂಗುಹಾಸಿಗೆಯ ಹಗ್ಗವನ್ನು ಕೊಯ್ದು ಅವನನ್ನು ಕೆಳಗೆ ಬೀಳಿಸಿದನು. ಸಿಟ್ಟನ್ನು ನುಂಗಿಕೊಂಡು ಮೇಲಕ್ಕೆ ಬಂದು ನೋಡಲಾಗಿ, ಒಬ್ಬನು ತನ್ನ ಗಂಟುಮೂಟೆಯನ್ನು ದೋಣಿಗೆ ಹಾಕುತ್ತಿದ್ದನು. ಗುಂಪಿನಲ್ಲಿದ್ದ ಗಿನಿ ದೇಶದ ವ್ಯಾಪಾರದ ಹಡಗಿನಿಂದ ಇಬ್ಬರು ಯುದ್ಧನಾವೆಗೆ ಬಂದಿದ್ದರೆಂದೂ, ಅವರಿಗೆ ಬದಲಾಗಿ ಇಬ್ಬರನ್ನು ಕೊಡಬೇಕೆಂದು ದಳಪತಿಯ ಅಪ್ಪಣೆಯಾಗಿದೆಯೆಂದೂ ತಿಳಿಯಿತು. ತನ್ನನ್ನು ಕಳುಹಿಸಬೇಕೆಂದು ನ್ಯೂಟನನು ಬೇಡಿಕೊಂಡನು. ಅರ್ಧ ತಾಸಿನೊಳಗೆ ಅವನು ಬೇರೆ ಹಡಗಿನವನಾದನು. ಹಾರ್ವಿಚ್ ನಮ್ಮ ದೇಶದ ಪೂರ್ವ ಕರಾವಳಿಗೆ ಬಂದು ೧೭೪೬ರಲ್ಲಿ ನಾಗಪಟ್ಟಣದ ಬಳಿ ಫ್ರೆಂಚರೊಡನೆ ಕಾದಾಡಿತು. ನ್ಯೂಟನನು ಅದರಲ್ಲಿ ಇರಲಿಲ್ಲ. ಅರಸನ ಕಾವಲನ್ನು ಬಿಟ್ಟವನು ಮನುಷ್ಯರನ್ನು ಕೊಂಡು ಮಾರುವವರ ಸಂಗವನ್ನು ಸೇರಿದ್ದನು.

ಆ ವ್ಯಾಪಾರವು ಏನೆಂಬದನ್ನು ಹೇಳಬೇಕು. ಯುರೋಪಿನ ಹಡಗುಗಳು ಬಟ್ಟೆ, ಕಬ್ಬಿಣ, ಬಂದೂಕು, ಸಾರಾಯಿಗಳನ್ನು ಆಫ್ರಿಕದ ಪಶ್ಚಿಮ ಕರಾವಳಿಗೆ ಒಯ್ದು, ಅವುಗಳಿಗೆ ಬದಲಾಗಿ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ಕೊಂಡು, ಸಂಕೋಲೆ ಹಾಕಿ, ಅಮೇರಿಕದ ಕಬ್ಬಿನ ತೋಟಗಳಿಗೆ ಸಾಗಿಸಿ ಮಾರುತ್ತಿದ್ದವು. ಸುಮಾರು ೩೫೦ ವರ್ಷಗಳಲ್ಲಿ ೧ ಕೋಟಿ ೨೫ ಲಕ್ಷ ಜನರು ಹೀಗೆ ಹಡಗು ಹತ್ತಿಸಲ್ಪಟ್ಟರೆಂದೂ, ಅವರಲ್ಲಿ ಸುಮಾರು ಹದಿನೆಂಟು ಲಕ್ಷದಷ್ಟು ಮಂದಿ ದಾರಿಯಲ್ಲೇ ಸತ್ತರೆಂದೂ ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ನೇಕಾರರಾದ ನಮ್ಮ ಸಭಿಕರು ಒಂದು ಸಂಗತಿಯನ್ನು ಗಮನಿಸಬೇಕು. ಆ ಬಟ್ಟೆಗಳಲ್ಲಿ ಬಹು ಭಾಗವು ನಮ್ಮ ಹಿಂದುಸ್ಥಾನದ ಗುಜರಾತಿನಲ್ಲಿಯೂ ಚೋಳಮಂಡಲ ತೀರದಲ್ಲಿಯೂ ಮಗ್ಗದ ಮೇಲೆ ನೇಯಲ್ಪಟ್ಟದ್ದು. ನೇಯ್ದವನಿಗೆ ಅದು ಎಲ್ಲಿಗೆ ಹೋಗುವದೆಂಬದು ಗೊತ್ತಿರಲಿಲ್ಲ.

ನ್ಯೂಟನನು ಸಿಯೆರಾ ಲಿಯೋನ್ ಕರಾವಳಿಯ ಪ್ಲಾಂಟೇನ್ ದ್ವೀಪದಲ್ಲಿ ಒಬ್ಬ ಬಿಳಿಯ ವ್ಯಾಪಾರಿಯ ಸೇವೆಗೆ ನಿಂತನು. ಅಲ್ಲಿ ಜ್ವರ ಬಂದು ಬಿದ್ದನು. ವ್ಯಾಪಾರಿಯ ಆಫ್ರಿಕದ ಹೆಂಡತಿಯು ಅವನನ್ನು ಅಸಹ್ಯಿಸಿ, ಕುಡಿಯುವ ನೀರನ್ನು ಸಹ ಕೊಡಲು ತಡಮಾಡಿದಳು. ಯಜಮಾನನೂ ಸುಳ್ಳು ಚಾಡಿಯನ್ನು ನಂಬಿ ಅವನನ್ನು ಬಂಧಿಸಿದನು. ಹಸಿವು ತಾಳಲಾರದೆ ರಾತ್ರಿ ಹೊಲಕ್ಕೆ ತೆವಳಿ ಹೋಗಿ ಹಸಿ ಗೆಡ್ಡೆಗಳನ್ನು ಕಿತ್ತು ತಿಂದನು. ಆ ಸಮಯದಲ್ಲಿ ಅವನ ಮೇಲೆ ಕನಿಕರಪಟ್ಟವರು ಯಾರು? ಸಂಕೋಲೆಯಲ್ಲಿದ್ದ ಗುಲಾಮರೇ. ತಮಗೆ ಅಳೆದು ಕೊಟ್ಟ ಅಲ್ಪ ಕೂಳಿನಲ್ಲಿಯೇ ಒಂದು ಪಾಲನ್ನು ಅವರು ಗುಟ್ಟಾಗಿ ಅವನಿಗೆ ತಂದುಕೊಟ್ಟರು. ಓದುವವರೇ, ಈ ಕೂಳನ್ನು ನೆನಪಿನಲ್ಲಿಡಿರಿ. ಯಾಕಂದರೆ ಅದನ್ನು ತಿಂದವನು ಬಹುಕಾಲ ಮರೆತನು.

ತಂದೆಯು ಲಿವರ್‌ಪೂಲಿನ ಮ್ಯಾನೆಸ್ಟಿ ಎಂಬ ಸ್ನೇಹಿತನಿಗೆ ಹೇಳಿಟ್ಟಿದ್ದರಿಂದ, ೧೭೪೭ರಲ್ಲಿ ಗ್ರೇಹೌಂಡ್ ಎಂಬ ಹಡಗು ಅವನನ್ನು ಹುಡುಕಿ ಹತ್ತಿಸಿಕೊಂಡಿತು. ಅದರಲ್ಲಿ ಗುಲಾಮರಿರಲಿಲ್ಲ, ಬಂಗಾರ, ದಂತ, ಬಣ್ಣದ ಮರ, ಜೇನುಮೇಣ ಇವುಗಳ ಸರಕಿತ್ತು. ನ್ಯೂಟನನ ದೇವದೂಷಣೆಯು ಆ ಹಡಗಿನವರಿಗೂ ಹೇಸಿಗೆಯನ್ನುಂಟುಮಾಡುವಷ್ಟಿತ್ತು. ೧೭೪೮ನೆಯ ಮಾರ್ಚಿಯಲ್ಲಿ, ಈಗಿನ ಪಂಚಾಂಗದ ಪ್ರಕಾರ ೨೧ನೆಯ ತಾರೀಖಿನಲ್ಲಿ, ಅದು ಜೊತೆಯಿಲ್ಲದೆ, ಕಾವಲಿಲ್ಲದೆ, ಉತ್ತರ ಅಟ್ಲಾಂಟಿಕಿನ ನಡುವೆ ಮನೆಕಡೆಗೆ ಬರುತ್ತಿರುವಾಗ ರಾತ್ರಿಯಲ್ಲಿ ಭಯಂಕರವಾದ ತೆರೆಯು ಬಡಿಯಿತು. ಒಂದು ಪಕ್ಕದ ಮೇಲ್ಭಾಗದ ಹಲಗೆಗಳು ಕಿತ್ತುಹೋದವು. ನ್ಯೂಟನನು ಮೇಲಕ್ಕೆ ಹತ್ತುತ್ತಿರಲಾಗಿ ಯಜಮಾನನು ಒಂದು ಚೂರಿಯನ್ನು ತರಲು ಹೇಳಿದನು. ಅವನು ತಿರುಗಿದ ಗಳಿಗೆಯಲ್ಲಿ ಅವನ ಬದಲಿಗೆ ಮೇಲೆ ಹೋದವನನ್ನು ಸಮುದ್ರವು ಎಳೆದುಕೊಂಡಿತು.

ಬಟ್ಟೆಬರೆಗಳನ್ನೂ ಹಾಸಿಗೆಗಳನ್ನೂ ಬಿರುಕುಗಳಿಗೆ ತುರುಕಿ ಹಲಗೆ ಬಡಿದರು. ಮೇಣವೂ ಮರವೂ ನೀರಿಗಿಂತ ಹಗುರವಾದ್ದರಿಂದ ಹಡಗು ತೇಲಿತು. ನ್ಯೂಟನನು ಹಗ್ಗದಿಂದ ಕಟ್ಟಿಸಿಕೊಂಡು ಬೆಳಗಿನ ಜಾವದಿಂದ ಮಧ್ಯಾಹ್ನದ ತನಕ ನೀರೆತ್ತುವ ಪಂಪನ್ನು ಒತ್ತಿದನು. ಇದೂ ಫಲಿಸದಿದ್ದರೆ ಕರ್ತನೇ ಕರುಣಿಸಬೇಕೆಂದು ಅವನ ಬಾಯಿಂದ ತಾನಾಗಿ ಮಾತು ಬಿತ್ತು. ಕೂಡಲೇ ಅವನು ಬೆಚ್ಚಿದನು. ತನ್ನಂಥವನಿಗೆ ಎಂಥ ಕರುಣೆ? ಬಳಿಕ ಚುಕ್ಕಾಣಿಯ ಮುಂದೆ ನಿಂತ ಬಹು ತಾಸುಗಳಲ್ಲಿ ತಾಯಿ ಕಲಿಸಿದ ವಾಕ್ಯಗಳು ಒಂದೊಂದಾಗಿ ಎದ್ದು ಬಂದವು. ಯಜಮಾನನು ಅವನನ್ನು ಯೋನನೆಂದು ಕರೆದು, ಅವನಿಂದಲೇ ಈ ಕೇಡು ಬಂತೆಂದು ದೂರಿದನು. ನಾಲ್ಕು ವಾರಗಳ ತರುವಾಯ, ಕಡೆಯ ಆಹಾರವು ಒಲೆಯ ಮೇಲೆ ಬೇಯುತ್ತಿರುವಾಗ, ಅವರು ಐರ್ಲೆಂಡಿನ ಲೌಖ್ ಸ್ವಿಲ್ಲಿ ಎಂಬ ಕೊಲ್ಲಿಯಲ್ಲಿ ಲಂಗರು ಹಾಕಿದರು. ಎರಡು ತಾಸು ಕಳೆಯುವದರೊಳಗೆ ಗಾಳಿಯು ರೌದ್ರವಾಗಿ ಎದ್ದಿತು. ಹೊರಗೆ ಇದ್ದಿದ್ದರೆ ಯಾರೂ ಉಳಿಯುತ್ತಿರಲಿಲ್ಲ. ದೇವರು ಪ್ರಾರ್ಥನೆಯನ್ನು ಕೇಳುತ್ತಾನೆಂದು ಅವನು ಅಂದು ನಂಬಿದನು. ಆ ದಿನದ ನೆನಪನ್ನು ಜೀವಮಾನವೆಲ್ಲಾ ಆಚರಿಸಿದನು.

ಅನೇಕರು ನ್ಯೂಟನನ ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ. ನಾವು ಹಾಗೆ ಮಾಡಲಾರೆವು. ಯಾಕಂದರೆ ಅದು ಅರ್ಧ ಸತ್ಯವಾದೀತು. ಬಿರುಗಾಳಿಯಿಂದ ಪಾರಾದ ಅದೇ ವರ್ಷ ಅವನು ಗುಲಾಮರ ಹಡಗಿನಲ್ಲಿ ಉಪಯಜಮಾನನಾಗಿ ಪುನಃ ಆಫ್ರಿಕಕ್ಕೆ ಹೋದನು. ೧೭೫೦ರಲ್ಲಿ ಮೇರಿಯನ್ನು ಮದುವೆಯಾದನು. ಆ ವರ್ಷ ಮೊದಲ್ಗೊಂಡು ೧೭೫೪ರ ತನಕ ತಾನೇ ಯಜಮಾನನಾಗಿ ಮೂರು ಪ್ರಯಾಣಗಳನ್ನು ಮಾಡಿ ನೂರಾರು ಜನರನ್ನು ಕೊಂಡು ಮಾರಿದನು. ಭಾನುವಾರಗಳಲ್ಲಿ ಹಡಗಿನ ಮೇಲೆ ನಾವಿಕರನ್ನು ಕೂಡಿಸಿ ಆರಾಧನೆ ನಡಿಸುತ್ತಿದ್ದನು. ಹಲಗೆಯ ಕೆಳಗೆ ಸಂಕೋಲೆಯಲ್ಲಿದ್ದವರು ನರಳುತ್ತಿದ್ದರು. ದಂಗೆಯ ಸಂಶಯ ಬಂದಾಗ ಬಾಲಕರ ಹೆಬ್ಬೆರಳುಗಳನ್ನು ತಿರುಪಿನ ಇಕ್ಕಳದಲ್ಲಿ ಇಟ್ಟು ಹಿಸುಕಿಸಿದ್ದನ್ನು ತನ್ನ ದಿನಚರಿಯಲ್ಲಿ ತಾನೇ ಬರೆದನು. ಆಗ ಅವನ ಮನಸ್ಸಾಕ್ಷಿಯು ಚುಚ್ಚಲಿಲ್ಲ. ಕಾಯಿದೆಯು ಅದನ್ನು ತಡೆಯಲಿಲ್ಲ, ಸಭೆಯು ಖಂಡಿಸಲಿಲ್ಲ, ನೆರೆಹೊರೆಯವರು ಮರ್ಯಾದೆಯ ಉದ್ಯೋಗವೆಂದು ಹೊಗಳಿದರು. ಯುದ್ಧಕಾಲದಲ್ಲಿ ಅರಸನ ನಾವೆಗಳು ಅಂಥ ಹಡಗುಗಳಿಗೂ ಬೆಂಗಾವಲಾಗಿ ಹೋಗುತ್ತಿದ್ದವು.

೧೭೫೪ರಲ್ಲಿ ಅಕಸ್ಮಾತ್ತಾಗಿ ಒಂದು ಮೂರ್ಛೆಯು ಬಂದದ್ದರಿಂದ ಅವನು ಸಮುದ್ರವನ್ನು ಬಿಟ್ಟನು. ಪಶ್ಚಾತ್ತಾಪದಿಂದಲ್ಲ, ರೋಗದಿಂದ ಬಿಟ್ಟನೆಂಬದನ್ನು ಗಮನಿಸಿರಿ. ಮರುವರ್ಷ ಲಿವರ್‌ಪೂಲಿನ ಸುಂಕದ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಬಿಡುವಿನಲ್ಲಿ ಗ್ರೀಕ್, ಇಬ್ರಿಯ ಭಾಷೆಗಳನ್ನು ಕಲಿತನು. ತಾಯಿಯ ಆಶೆಯು ೧೭೬೪ರಲ್ಲಿ ನೆರವೇರಿತು. ಅವನು ದೀಕ್ಷೆ ಹೊಂದಿ ಓಲ್ನಿ ಎಂಬ ಸಣ್ಣ ಊರಿನ ಸಭಾಪಾಲಕನಾದನು. ಅಲ್ಲಿಯ ಬಡವರು ಮನೆಗಳಲ್ಲಿ ಕೂತು ನೂಲಿನ ಜಾಲರಿಯನ್ನು ಹೆಣೆದು ಜೀವನ ಮಾಡುತ್ತಿದ್ದರು. ಇಳಕಲ್ಲಿನ ಸೀರೆಯನ್ನೂ ಗುಳೇದಗುಡ್ಡದ ಖಣವನ್ನೂ ನೇಯುವವರ ಕಣ್ಣುನೋವು, ಬೆನ್ನುನೋವು, ಸಾಲದ ಚಿಂತೆ ಇವೆಲ್ಲ ಅವರಿಗೂ ಇದ್ದವು. ನ್ಯೂಟನನು ಅವರ ಮನೆಗಳಿಗೆ ಹೋಗಿ, ಅವರ ಮಕ್ಕಳನ್ನು ಕೂಡಿಸಿ ಕಲಿಸಿ, ಅವರಿಗೆ ತಿಳಿಯುವ ಮಾತಿನಲ್ಲಿ ಕೀರ್ತನೆಗಳನ್ನು ಬರೆದನು. ಲೋಕವೆಲ್ಲಾ ಬಲ್ಲ ಅಮೇಜಿಂಗ್ ಗ್ರೇಸ್ ಎಂಬ ಕೀರ್ತನೆಯು ೧೭೭೩ನೆಯ ಹೊಸ ವರುಷದ ದಿನದ ಪ್ರಸಂಗಕ್ಕಾಗಿ ಬರೆಯಲ್ಪಟ್ಟಿತು. ಕವಿ ಕೌಪರನೊಡನೆ ಕೂಡಿ ರಚಿಸಿದ ೩೪೮ ಕೀರ್ತನೆಗಳ ಪುಸ್ತಕವು ೧೭೭೯ರಲ್ಲಿ ಅಚ್ಚಾಯಿತು.

ಬಳಿಕ ಅವನು ಲಂಡನಿನ ಸೇಂಟ್ ಮೇರಿ ವುಲ್ನತ್ ಸಭೆಗೆ ಬಂದನು. ಅದು ದೊಡ್ಡ ವ್ಯಾಪಾರಿಗಳ ಕೇರಿ. ೧೭೮೦ನೆಯ ಆಗಸ್ಟಿನಲ್ಲಿ ಪೂರ್ವದೇಶಕ್ಕೂ ಪಶ್ಚಿಮ ದ್ವೀಪಗಳಿಗೂ ಹೊರಟ ದೊಡ್ಡ ಬೆಂಗಾವಲು ಗುಂಪೊಂದು ಸ್ಪೇನ್ ಮತ್ತು ಫ್ರಾನ್ಸಿನ ನೌಕಾದಳಕ್ಕೆ ಸಿಕ್ಕಿ, ೫೫ ಸರಕಿನ ಹಡಗುಗಳು ಒಂದೇ ಸಾರಿ ಸೆರೆಯಾದವು. ಕಾವಲಿನ ಯುದ್ಧನಾವೆಗಳು ಮಾತ್ರ ತಪ್ಪಿಸಿಕೊಂಡವು. ಅರಸನ ತೋಪುಗಳ ಕಾವಲೂ ಕೈಬಿಡಬಹುದೆಂಬದನ್ನು ಆ ಪಟ್ಟಣವು ಕಣ್ಣೀರಿನೊಡನೆ ಕಲಿಯಿತು.

೧೭೮೫ನೆಯ ದಶಂಬರದಲ್ಲಿ ವಿಲ್ಬರ್‌ಫೋರ್ಸ್ ಎಂಬ ಪಾರ್ಲಿಮೆಂಟಿನ ತರುಣ ಸದಸ್ಯನು ಮನಸ್ಸಿನ ಕಳವಳದಿಂದ ಗುಟ್ಟಾಗಿ ನ್ಯೂಟನನ ಬಳಿಗೆ ಬಂದನು. ರಾಜಕಾರ್ಯವನ್ನು ಬಿಟ್ಟುಬಿಡಬೇಕೋ ಎಂದು ಕೇಳಿದವನಿಗೆ, ಇದ್ದಲ್ಲಿಯೇ ಇದ್ದು ದೇವರ ಸೇವೆ ಮಾಡುವಂತೆ ಮುದುಕನು ಬುದ್ಧಿ ಹೇಳಿದನು. ಆ ತರುಣನು ಗುಲಾಮರ ವ್ಯಾಪಾರದ ವಿರುದ್ಧ ಹೋರಾಟಕ್ಕೆ ಇಳಿದಾಗ, ನ್ಯೂಟನನು ಇನ್ನು ಸುಮ್ಮನಿರಲಾರದೆ ಹೋದನು. ೧೭೮೮ರಲ್ಲಿ ತಾನು ಕಂಡದ್ದನ್ನೂ ಮಾಡಿದ್ದನ್ನೂ ಒಂದು ಪುಸ್ತಕವಾಗಿ ಅಚ್ಚು ಹಾಕಿಸಿದನು. ತನ್ನ ಅರಿಕೆಯು ತಡವಾಗಿ ಬಂತೆಂದೂ, ಆ ಕೆಲಸದಲ್ಲಿ ತಾನು ಕೈಯಿಟ್ಟದ್ದು ಸದಾ ನಾಚಿಕೆಯ ವಿಷಯವೆಂದೂ ಅದರಲ್ಲಿ ಒಪ್ಪಿಕೊಂಡನು. ಅರಸನ ಆಲೋಚನಾಸಭೆಯ ಮುಂದೆಯೂ ಪಾರ್ಲಿಮೆಂಟಿನ ಸಮಿತಿಯ ಮುಂದೆಯೂ ಸಾಕ್ಷಿ ನುಡಿದನು. ಬಿರುಗಾಳಿಯ ರಾತ್ರಿಯಿಂದ ಈ ಅರಿಕೆಯ ತನಕ ೪೦ ವರ್ಷಗಳು ಕಳೆದಿದ್ದವು! ಪ್ಲಾಂಟೇನ್ ದ್ವೀಪದ ಗುಲಾಮರ ಕೂಳಿನ ಋಣವು ಅಷ್ಟು ಕಾಲ ತೀರದೆ ಉಳಿದಿತ್ತು.

೧೮೦೭ನೆಯ ಮಾರ್ಚಿ ೨೫ರಂದು ಆ ವ್ಯಾಪಾರವನ್ನು ನಿಷೇಧಿಸುವ ಕಾಯಿದೆಯು ಮಂಜೂರಾಯಿತು. ಕಣ್ಣು ಕಾಣದೆ ಹೋಗಿದ್ದ ನ್ಯೂಟನನು ಅದನ್ನು ಕೇಳುವ ತನಕ ಬದುಕಿದ್ದು, ಅದೇ ವರ್ಷ ದಶಂಬರ ೨೧ರಂದು ೮೨ನೆಯ ವಯಸ್ಸಿನಲ್ಲಿ ಕರ್ತನಲ್ಲಿ ನಿದ್ರೆ ಹೋದನು. ಮುಂದಿನ ವರ್ಷ, ಹಿಂದೆ ಗುಲಾಮರ ಹಡಗುಗಳನ್ನು ಕಾಯುತ್ತಿದ್ದ ಅದೇ ನೌಕಾಸೈನ್ಯದಿಂದ ಎರಡು ನಾವೆಗಳು ಅಂಥ ಹಡಗುಗಳನ್ನು ಹಿಡಿಯುವದಕ್ಕಾಗಿ ಆಫ್ರಿಕದ ಕರಾವಳಿಗೆ ಕಳುಹಿಸಲ್ಪಟ್ಟವು. ೧೮೬೦ರೊಳಗೆ ಆ ದಳವು ಸುಮಾರು ೧,೬೦೦ ಹಡಗುಗಳನ್ನು ಹಿಡಿದು ಸುಮಾರು ೧,೫೦,೦೦೦ ಜನರನ್ನು ಬಿಡಿಸಿತು. ಅವರಲ್ಲಿ ಬಹು ಮಂದಿ ಇಳಿಸಲ್ಪಟ್ಟದ್ದು, ನ್ಯೂಟನನು ಹಸಿದು ಬಿದ್ದಿದ್ದ ಸಿಯೆರಾ ಲಿಯೋನ್ ತೀರದಲ್ಲಿಯೇ.

ನಮ್ಮ ಸೀಮೆಗೆ ಇದರಿಂದ ಬಂದದ್ದೇನೆಂದರೆ: ನ್ಯೂಟನನ ಬೋಧನೆಯಿಂದ ತಿರುಗಿಕೊಂಡ ಕ್ಲಾಡಿಯಸ್ ಬುಕಾನನ್ ಎಂಬವನು ೧೭೯೭ರಲ್ಲಿ ಬಂಗಾಳಕ್ಕೆ ಬಂದು, ಹಿಂದುಸ್ಥಾನದಲ್ಲಿ ಸುವಾರ್ತೆಗೆ ದಾರಿ ತೆರೆಯಬೇಕೆಂದು ಬರೆದನು. ಓಲ್ನಿಯ ಬ್ಯಾಪ್ಟಿಸ್ಟ್ ಸಭೆಯಿಂದ ಬೋಧಕಸೇವೆಗೆ ಕಳುಹಲ್ಪಟ್ಟ ವಿಲಿಯಂ ಕೇರಿಯು ೧೮೧೭ರಲ್ಲಿ ಸೆರಾಂಪುರದಲ್ಲಿ ನಮ್ಮ ಕನ್ನಡದ ವ್ಯಾಕರಣವನ್ನು ಅಚ್ಚು ಮಾಡಿಸಿದನು. ವಿಲ್ಬರ್‌ಫೋರ್ಸನ ಪ್ರಯತ್ನದಿಂದ ೧೮೧೩ರಲ್ಲಿ ಕಂಪೆನಿಯ ಸನ್ನದಿನಲ್ಲಿ ಮಿಶನರಿಗಳಿಗೆ ಅವಕಾಶವು ದೊರೆಯಿತು. ೧೮೩೩ರಲ್ಲಿ ಅನ್ಯದೇಶದವರಿಗೂ ಅದು ತೆರೆಯಲ್ಪಟ್ಟಿತು. ಆದ್ದರಿಂದಲೇ ೧೮೩೪ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು; ೧೮೩೭ರಲ್ಲಿ ಧಾರವಾಡಕ್ಕೂ, ೧೮೫೧ರಲ್ಲಿ ಬಾದಾಮಿಯ ನೆರೆಯ ಗುಳೇದಗುಡ್ಡಕ್ಕೂ ಬಂದರು.

ಪ್ರಿಯರೇ, ನ್ಯೂಟನನು ದೇವರ ಮಗುವಾದ ಮೇಲೆಯೂ ಬಹು ವರ್ಷ ಕುರುಡನಾಗಿದ್ದನೆಂಬದೇ ಈ ಚರಿತ್ರೆಯಲ್ಲಿ ನಮ್ಮನ್ನು ನಡುಗಿಸುವ ಸಂಗತಿ. ನಮ್ಮ ತಂದೆಯ ಮನೆಯಲ್ಲಿ ಒಬ್ಬ ಹುಡುಗನು ತನ್ನ ತಂದೆಯ ಸಾಲಕ್ಕಾಗಿ ಜೀತಕ್ಕಿದ್ದು ಎಮ್ಮೆ ಕಾಯುತ್ತಿದ್ದನು. ಸಂಜೆ ನಾವೆಲ್ಲರೂ ಕೂಡಿ ಕೀರ್ತನೆ ಹಾಡುವಾಗ ಅವನು ಕೊಟ್ಟಿಗೆಯ ಬಾಗಿಲಲ್ಲಿ ಕೂತಿರುತ್ತಿದ್ದನು. ಅವನ ತಟ್ಟೆ ಬೇರೆ, ಅವನ ನೀರಿನ ಚೊಂಬು ಬೇರೆ. ಒಳಗೆ ಬಾ ಎಂದು ನಾವು ಯಾರೂ ಕರೆಯಲಿಲ್ಲ. ಕರೆಯಬೇಕೆಂದು ತೋಚಲೂ ಇಲ್ಲ. ೧೯೭೬ರಲ್ಲಿ ಸರಕಾರದ ಕಾಯಿದೆಯು ಜೀತವನ್ನು ರದ್ದು ಮಾಡಿದಾಗಲೇ ನಮಗೆ ಅದು ಪಾಪವೆಂದು ಕಂಡಿತು. ಸಭೆಗಿಂತ ಮೊದಲು ಸರಕಾರಕ್ಕೆ ಕಂಡದ್ದನ್ನು ನೆನಸಿ ನಾವು ನಾಚುತ್ತೇವೆ.

ಇಂದಿಗೂ ಸಾಲದಿಂದ ಮಗ್ಗಕ್ಕೆ ಕಟ್ಟಿಬಿದ್ದ ನೇಕಾರನಿದ್ದಾನೆ. ಆರಾಧನೆಯಲ್ಲಿ ಜಾತಿಯನ್ನು ನೆನಸಿ ಸರಿದು ಕೂರುವವರಿದ್ದಾರೆ. ದೇವಜನರು ಬೆಂಗಾವಲಿನ ಗುಂಪಿನಂತೆ ಇರಬೇಕು. ಬಲವುಳ್ಳವನು ಮುಂದೆ ಓಡದೆ, ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಕೂಡಿಸಬೇಕು. ಈ ತಿಂಗಳ ಮನೆಕೂಟಗಳಲ್ಲಿ ಹಿರಿಯರು ಈ ಚರಿತ್ರೆಯನ್ನು ಓದಿ ಹೇಳಲಿ. ಆ ಬಳಿಕ ಪ್ರತಿಯೊಬ್ಬನೂ ತನ್ನ ಕೊಟ್ಟಿಗೆಯ ಬಾಗಿಲಲ್ಲಿ ಯಾರು ಕೂತಿದ್ದಾರೆಂದು ನೋಡಲಿ. ನ್ಯೂಟನನಿಗೆ ೪೦ ವರ್ಷಗಳ ತರುವಾಯ ಬಾಯಿ ತೆರೆಸಿದ ಕರ್ತನು ನಮಗೆ ಬೇಗನೆ ಕಣ್ಣು ತೆರೆಸಲಿ.